ಯಂಗ್ ಗ್ರಿಫ್ ಅಸಲಿಯೋ ನಕಲಿಯೋ? (ಐದೂ ಪುಸ್ತಕ ಮುಗಿಸಿದವರು ಮಾತ್ರ ಬನ್ನಿ)

ಗೋಡೆಯಾಚೆಯವ

ಮೊದಲೇ ಹೇಳಿಬಿಡುತ್ತೇನೆ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ಐದೂ ಪುಸ್ತಕ ಓದಿಲ್ಲದವರು ಇಲ್ಲಿಂದಲೇ ವಾಪಸ್ ಹೋಗಿ. ಆಮೇಲೆ ನನ್ನನ್ನು ಬೈಯಬೇಡಿ. ‘ಗೇಮ್ ಆಫ್ ಥ್ರೋನ್ಸ್’ ಸೀರಿಯಲ್ ಮಾತ್ರ ನೋಡಿದವರಿಗೆ ಈ ಪಾತ್ರವೇ ಗೊತ್ತಿರುವುದಿಲ್ಲ. ಎಚ್‌ಬಿಒದವರು ಇವನನ್ನು ಕಥೆಗೆ ತರಲೇ ಇಲ್ಲ.

ಐದನೇ ಪುಸ್ತಕ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ನಲ್ಲಿ ಲ್ಯಾನಿಸ್ಟರ್ ಮನೆತನದ ಟಿರಿಯನ್ ದೋಣಿ ಹತ್ತಿ ರೋಯ್ನ್ ನದಿಯಲ್ಲಿ ಹೋಗುತ್ತಾನಲ್ಲ, ಅಲ್ಲಿ ಕೂದಲಿಗೆ ನೀಲಿ ಬಣ್ಣ ಹಚ್ಚಿಕೊಂಡ ಒಬ್ಬ ಹುಡುಗ ಸಿಗುತ್ತಾನೆ. ಅವನೇ ಯಂಗ್ ಗ್ರಿಫ್. ಆಮೇಲೆ ನೋಡಿದರೆ ಅವನು ಸತ್ತುಹೋದ ಟಾರ್ಗೇರಿಯನ್ ಯುವರಾಜ ರೇಗಾರ್‌ನ ಮಗ ಏಗಾನ್ ಅಂತೆ. ರಾಜಧಾನಿ ಕಿಂಗ್ಸ್ ಲ್ಯಾಂಡಿಂಗ್ ಲೂಟಿಯಾದ ದಿನ ಗ್ರೆಗರ್ ಕ್ಲೆಗೇನ್ ಗೋಡೆಗೆ ಅಪ್ಪಳಿಸಿ ಕೊಂದನಲ್ಲ, ಆ ಕೂಸು. ಗೂಢಚಾರರ ಮುಖ್ಯಸ್ಥ ವೇರಿಸ್ ಮೊದಲೇ ಕೂಸನ್ನು ಬದಲಾಯಿಸಿದ್ದನಂತೆ. ಸತ್ತಿದ್ದು ಯಾರೋ ಚರ್ಮ ಹದ ಮಾಡುವವನ ಮಗುವಂತೆ.

ನನಗೆ ಒಂದು ಚೂರೂ ನಂಬಿಕೆ ಇಲ್ಲ. ಇವನು ಟಾರ್ಗೇರಿಯನ್ನರ ವಿರುದ್ಧ ಬಂಡೆದ್ದ ಬ್ಲ್ಯಾಕ್‌ಫೈರ್ ವಂಶದ ಹುಡುಗ, ವೇರಿಸ್‌ನ ಜೊತೆಗಾರ ವ್ಯಾಪಾರಿ ಇಲಿರಿಯೋನ ಸ್ವಂತ ಮಗ ಅನ್ನುವುದು ನನ್ನ ಲೆಕ್ಕ. ಇನ್ನೂ ಬರದ ಆರನೇ ಪುಸ್ತಕ ‘ದಿ ವಿಂಡ್ಸ್ ಆಫ್ ವಿಂಟರ್’ನಲ್ಲಿ ರೇಗಾರ್‌ನ ತಂಗಿ ಡೆನೇರಿಸ್ ಬರುವ ಮುಂಚೆಯೇ ಇವನು ಸಿಂಹಾಸನ ಹತ್ತುತ್ತಾನೆ. ಅಲ್ಲಿಂದ ನಿಜವಾದ ಗಲಾಟೆ ಶುರು. ನೀವೇನಂತೀರಿ?

ಫಿಲ್ಟರ್ ಕಾಫಿ

ನಕಲಿ. ಮುಂದಿನ ಪ್ರಶ್ನೆ ಕೇಳಿ.

ಅಡಿಕೆ ತೋಟ

ಅಷ್ಟು ಸಲೀಸಾಗಿ ತೀರ್ಪು ಕೊಡಬೇಡಿ ಮಾರಾಯ್ರೇ. ಐದನೇ ಪುಸ್ತಕದ ಕೊನೆಯ ಅಧ್ಯಾಯ ನೆನಪಿದೆಯಾ? ವೇರಿಸ್ ಟಿರಿಯನ್‌ನ ಚಿಕ್ಕಪ್ಪ ಕೆವನ್ ಲ್ಯಾನಿಸ್ಟರ್‌ಗೆ ಬಾಣ ಹೊಡೆದಿದ್ದಾನೆ. ಅವನು ಸಾಯುತ್ತಾ ಬಿದ್ದಿದ್ದಾನೆ. ಆಗ ವೇರಿಸ್ ಏಗಾನ್ ಬಂದಿದ್ದಾನೆ ಅಂತ ಹೇಳುತ್ತಾನೆ. ಇನ್ನೆರಡು ನಿಮಿಷಕ್ಕೆ ಸಾಯುವವನ ಮುಂದೆ ಸುಳ್ಳು ಹೇಳಿ ಏನು ಸಿಗಬೇಕು? ಅದಕ್ಕೇ ನಾನು ಅಸಲಿ ಪಾರ್ಟಿ.

ಗೋಡೆಯಾಚೆಯವ

ಆ ಪುಟ ಮತ್ತೆ ತೆಗೆದು ನೋಡಿ ಸರ್. ವೇರಿಸ್ ‘ರೇಗಾರ್‌ನ ಮಗ’ ಅನ್ನುವುದೇ ಇಲ್ಲ. ಕೆವನ್‌ಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಆ ಸತ್ತ ಕೂಸು ನೆನಪಾಗುತ್ತದೆ, ಅವನು ಸತ್ತುಹೋದ ಅನ್ನುತ್ತಾನೆ. ವೇರಿಸ್ ಇಲ್ಲ, ಇಲ್ಲೇ ಇದ್ದಾನೆ ಅನ್ನುತ್ತಾನೆ. ಆಮೇಲೆ ಇವನನ್ನು ಚಿಕ್ಕಂದಿನಿಂದ ರಾಜನಾಗಲು ಹೇಗೆ ಬೆಳೆಸಿದೆವು, ಏನೇನು ಕಲಿಸಿದೆವು ಅಂತ ಭಾಷಣ. ಒಂದೂ ಸುಳ್ಳು ಹೇಳದೆ ಪೂರ್ತಿ ಮೋಸ ಮಾಡುವುದು ವೇರಿಸ್‌ಗೆ ನೀರು ಕುಡಿದಷ್ಟು ಸುಲಭ. ಅದೂ ಅಲ್ಲದೆ ಆ ಗೋಡೆಗಳಿಗೆ ಕಿವಿ ಇದೆ ಅಂತ ಅವನಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು?

ಹಾಸನದಕ್ಕ

ಎಲ್ಲರೂ ವೇರಿಸ್ ಹಿಂದೆ ಬಿದ್ದಿದ್ದೀರಿ. ನಾಲ್ಕನೇ ಪುಸ್ತಕದ ಯೋಧೆ ಬ್ರಿಯೆನ್‌ಳ ಅಧ್ಯಾಯಗಳನ್ನು ‘ಬೋರು’ ಅಂತ ಹಾರಿಸಿಕೊಂಡು ಹೋದವರು ಕೈ ಎತ್ತಿ.

ಅಲ್ಲಿ ಸೆಪ್ಟನ್ (ಪೂಜಾರಿ) ಮೆರಿಬಾಲ್ಡ್ ದಾರಿಯುದ್ದಕ್ಕೂ ಕಥೆ ಹೇಳುತ್ತಾ ಬರುತ್ತಾನೆ. ನಾಲ್ಕು ದಾರಿ ಸೇರುವಲ್ಲಿ ಒಂದು ಹೋಟೆಲ್ ಇದೆಯಲ್ಲ, ಅದರ ಕಥೆ. ಒಂದು ಕಾಲದಲ್ಲಿ ಅದರ ಬಾಗಿಲಿಗೆ ಮೂರು ತಲೆಯ ಡ್ರ್ಯಾಗನ್ನಿನ ಬೋರ್ಡ್ ನೇತಾಡುತ್ತಿತ್ತು. ಕಪ್ಪು ಕಬ್ಬಿಣದ್ದು. ಕಪ್ಪು ಡ್ರ್ಯಾಗನ್ ಅಂದರೆ ಬ್ಲ್ಯಾಕ್‌ಫೈರ್‌ಗಳ ಗುರುತು. ಅಲ್ಲಿನ ಪ್ರಭುವಿಗೆ ಸಿಟ್ಟು ಬಂತು. ಬೋರ್ಡನ್ನು ತುಂಡು ತುಂಡು ಮಾಡಿಸಿ ನದಿಗೆ ಎಸೆಸಿದ. ಎಷ್ಟೋ ವರ್ಷ ಆದಮೇಲೆ ಅದರ ಒಂದು ತಲೆ ತೇಲಿ ಬಂದು ದಡಕ್ಕೆ ಬಿತ್ತು. ಆದರೆ ಆಗ ಅದು ಕಪ್ಪಗೆ ಇರಲಿಲ್ಲ. ತುಕ್ಕು ಹಿಡಿದು ಕೆಂಪಾಗಿತ್ತು.

ಕೆಂಪು ಡ್ರ್ಯಾಗನ್ ಯಾರ ಗುರುತು? ಟಾರ್ಗೇರಿಯನ್ನರದು. ನೀರಿಗೆ ಎಸೆದ ಕಪ್ಪು ಡ್ರ್ಯಾಗನ್ ವರ್ಷಗಳ ಮೇಲೆ ಕೆಂಪು ಬಣ್ಣ ಹೊತ್ತು ವಾಪಸ್ ಬರುತ್ತದೆ. ಯಂಗ್ ಗ್ರಿಫ್ ಎಲ್ಲಿ ಬೆಳೆದ? ದೋಣಿಯ ಮೇಲೆ, ನದಿಯಲ್ಲಿ. ಹೇಗೆ ಬಂದ? ಸಮುದ್ರ ದಾಟಿ. ಈ ಕಥೆ ಅಚ್ಚಾಗಿದ್ದು 2005ರಲ್ಲಿ. ಹುಡುಗ ಪುಟದ ಮೇಲೆ ಕಾಣಿಸಿಕೊಂಡಿದ್ದು 2011ರಲ್ಲಿ. ಇನ್ನು ನಿಮಗೆ ಬಿಟ್ಟಿದ್ದು.

ನೈಟ್ ಶಿಫ್ಟ್

ಅಕ್ಕ, ಮೈ ಜುಮ್ ಅಂತು. ಎರಡು ಸಲ ಓದಿದ್ದೇನೆ, ಈ ಬೋರ್ಡ್ ಕಣ್ಣಿಗೇ ಬಿದ್ದಿಲ್ಲ.

ಫಿಲ್ಟರ್ ಕಾಫಿ

ನಾನು ಒಂದು ಪದದಲ್ಲಿ ಹೇಳಿದ್ದನ್ನೇ ಅಕ್ಕ ಇಷ್ಟುದ್ದ ಹೇಳಿದ್ದಾರೆ.

ಅರ್ಧ ಓದಿದವ

ನಾನಿನ್ನೂ ಮೂರನೇ ಪುಸ್ತಕದಲ್ಲಿದ್ದೇನೆ. ರಾಬ್ ಮದುವೆಗೆ ಹೊರಟಿದ್ದಾನೆ. ಮದುವೆ ಊಟ ಚೆನ್ನಾಗಿದೆಯಾ?

ನೈಟ್ ಶಿಫ್ಟ್

ಮಗಾ ಇಲ್ಲಿಂದ ಓಡು. ಹಿಂದೆ ತಿರುಗಿ ನೋಡಬೇಡ.

ನಿರ್ವಾಹಕ

ತಲೆಬರಹದಲ್ಲಿ ‘ಐದೂ ಪುಸ್ತಕ’ ಅಂತ ಬರೆದಿದೆ. ಅರ್ಧ ಓದಿದವರೇ, ಮದುವೆ ಮುಗಿಸಿಕೊಂಡು ಬನ್ನಿ. ಕಾಯುತ್ತಿರುತ್ತೇವೆ.

ಡಬ್ಲಿನ್ ಕನ್ನಡಿಗ

ಗೋಲ್ಡನ್ ಕಂಪನಿ ಬಗ್ಗೆ ಯಾರೂ ಮಾತಾಡಿಲ್ಲವಲ್ಲ. ಕೂಲಿ ಸೈನ್ಯ. ಯಾರ ಜೊತೆಗೂ ಒಪ್ಪಂದ ಮುರಿದಿಲ್ಲ ಅನ್ನುವುದೇ ಇವರ ಹೆಮ್ಮೆ. ಅಂಥವರು ಮೀರ್ ನಗರದ ಜೊತೆಗಿನ ಒಪ್ಪಂದ ಮುರಿದು ಈ ಹುಡುಗನಿಗಾಗಿ ಬರುತ್ತಾರೆ. ಯಾಕೆ?

ಈ ಸೈನ್ಯ ಕಟ್ಟಿದವನು ಬಿಟರ್‌ಸ್ಟೀಲ್. ಕಟ್ಟಿದ್ದೇ ಬ್ಲ್ಯಾಕ್‌ಫೈರ್‌ಗಳನ್ನು ಸಿಂಹಾಸನಕ್ಕೆ ಏರಿಸಲು, ಟಾರ್ಗೇರಿಯನ್ನರನ್ನು ಇಳಿಸಲು. ಅವನ ತಲೆಬುರುಡೆಗೆ ಚಿನ್ನ ಹಚ್ಚಿ ಇವತ್ತಿಗೂ ಹೊತ್ತು ತಿರುಗುತ್ತಾರೆ. ಅಂಥವರು ಅಸಲಿ ಟಾರ್ಗೇರಿಯನ್ ಹುಡುಗನಿಗಾಗಿ ರಕ್ತ ಸುರಿಸುತ್ತಾರಾ?

ಇಲಿರಿಯೋ ಟಿರಿಯನ್‌ಗೆ ಹೇಳುವ ಮಾತೂ ಇದೆ. ಬ್ಲ್ಯಾಕ್‌ಫೈರ್ ಮನೆತನದ ಗಂಡು ಸಂತಾನ ಮುಗಿಯಿತು ಅನ್ನುತ್ತಾನೆ. ಗಂಡು ಸಂತಾನ ಮಾತ್ರ. ಹೆಣ್ಣುಮಕ್ಕಳ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅದೇ ಇಲಿರಿಯೋನ ತೀರಿಹೋದ ಹೆಂಡತಿ ಸೆರ್ರಾ ಲಿಸ್ ನಗರದವಳು, ಅವಳದು ಬೆಳ್ಳಿ ಎಳೆ ಬೆರೆತ ಹೊನ್ನಿನ ಕೂದಲು. ಎರಡೂ ಎರಡೂ ಸೇರಿದರೆ ನಾಲ್ಕು.

ಅಡಿಕೆ ತೋಟ

ಸರಿ ಸರಿ, ಬೋರ್ಡಿನ ಕಥೆ ಬಲವಾಗಿದೆ, ಒಪ್ಪಿದೆ. ಆದರೆ ಇಷ್ಟೊಂದು ಸುಳಿವು ಇದ್ದರೆ ಅದು ಟ್ವಿಸ್ಟ್ ಹೇಗಾಗುತ್ತದೆ? ಎಲ್ಲರಿಗೂ ಗೊತ್ತಾಗಿಬಿಟ್ಟರೆ ಮಾರ್ಟಿನ್ ಅದನ್ನು ಬದಲಾಯಿಸುವುದಿಲ್ವಾ?

ಪುಸ್ತಕದ ಹುಳ

ಬದಲಾಯಿಸಲ್ಲ. ಅವರೇ ಇದರ ಬಗ್ಗೆ ಮಾತಾಡಿದ್ದಾರೆ, 2014ರಲ್ಲಿ ಅಂತ ನೆನಪು. ಕೆಲವು ಓದುಗರು ಸರಿಯಾಗಿಯೇ ಊಹಿಸಿದ್ದಾರೆ, ಹಾಗಂತ ಕಥೆ ಬದಲಾಯಿಸಿದರೆ ಮೊದಲಿನಿಂದ ಬಿತ್ತಿಕೊಂಡು ಬಂದ ಸುಳಿವೆಲ್ಲ ಹಾಳಾಗುತ್ತದೆ ಅನ್ನುವ ಅರ್ಥದಲ್ಲಿ.

ಜಾನ್ ಸ್ನೋ ವಿಷಯವನ್ನೇ ತೆಗೆದುಕೊಳ್ಳಿ. ಮೊದಲ ಪುಸ್ತಕ 1996ರಲ್ಲಿ ಬಂತು. ಜಾನ್ ನೆಡ್ ಸ್ಟಾರ್ಕ್‌ನ ಮಗನಲ್ಲ, ರೇಗಾರ್ ಮತ್ತು ನೆಡ್‌ನ ತಂಗಿ ಲಯಾನಾ ಮಗ ಅಂತ ಓದುಗರು ತೊಂಬತ್ತರ ದಶಕದಲ್ಲೇ ಹಿಡಿದುಹಾಕಿದ್ದರು. ಸೀರಿಯಲ್‌ನಲ್ಲಿ ಅದನ್ನು ತೋರಿಸಿದ್ದು 2016ರಲ್ಲಿ. ಸೀರಿಯಲ್ ಮಾಡಲು ಬಂದ ಇಬ್ಬರನ್ನು ಮಾರ್ಟಿನ್ ಕೇಳಿದ ಪ್ರಶ್ನೆಯೂ ಅದೇ, ಜಾನ್‌ನ ತಾಯಿ ಯಾರು ಅಂತ. ಉತ್ತರ ಸರಿ ಬಂತು, ಹಕ್ಕು ಸಿಕ್ಕಿತು. ಗುಟ್ಟು ಹೊರಬಿದ್ದಿದೆ ಅಂತ ಅವರು ಜಾನ್‌ನ ತಾಯಿಯನ್ನು ಬದಲಾಯಿಸಲಿಲ್ಲವಲ್ಲ.

ಗೋಡೆಯಾಚೆಯವ

ಆದರೆ ಪುಸ್ತಕದಲ್ಲಿ ಇನ್ನೂ ಅದು ಹೊರಬಂದಿಲ್ಲ ಅನ್ನುವುದನ್ನು ಜನ ಮರೆಯುತ್ತಾರೆ. ಐದು ಪುಸ್ತಕ ಆದರೂ ಒಬ್ಬರೂ ಬಾಯಿಬಿಟ್ಟು ಹೇಳಿಲ್ಲ. ಲಯಾನಾ ಸತ್ತ ಟವರ್ ಆಫ್ ಜಾಯ್‌ನಿಂದ ಜೀವಂತ ವಾಪಸ್ ಬಂದಿದ್ದು ಇಬ್ಬರೇ, ನೆಡ್ ಮತ್ತು ಅವನ ಗೆಳೆಯ ಹೌಲ್ಯಾಂಡ್ ರೀಡ್. ನೆಡ್ ಹೋದ. ಹೌಲ್ಯಾಂಡ್ ಜೌಗು ನೆಲದಲ್ಲಿ ಎಲ್ಲೋ ಕೂತಿದ್ದಾನೆ, ಇಲ್ಲಿಯವರೆಗೆ ಪುಟದ ಮೇಲೆ ಒಂದು ಸಲವೂ ಎದುರಿಗೆ ಬಂದಿಲ್ಲ.

ತಾಳಮದ್ದಳೆ ಪ್ರಿಯ

ಗೊತ್ತಿದ್ದರೆ ಟ್ವಿಸ್ಟ್ ಅಲ್ಲ ಅಂದರಲ್ಲ ಅಡಿಕೆ ತೋಟದವರು, ಅದಕ್ಕೆ ನನ್ನದೊಂದು ತಕರಾರು.

ನಮ್ಮ ಕಡೆ ‘ಕರ್ಣಭೇದನ’ ಪ್ರಸಂಗ ಇಟ್ಟರೆ ಎದುರಿಗೆ ಕೂತವರಲ್ಲಿ ಕರ್ಣ ಯಾರ ಮಗ ಅಂತ ಗೊತ್ತಿಲ್ಲದವರು ಒಬ್ಬರೂ ಇರುವುದಿಲ್ಲ. ಪುಟ್ಟ ಮಕ್ಕಳಿಗೂ ಗೊತ್ತು. ಆದರೂ ಕೃಷ್ಣನ ಪಾತ್ರದವರು ‘ನೀನು ಸೂತಪುತ್ರನಲ್ಲ’ ಅನ್ನುವ ಕಡೆಗೆ ಮಾತು ತಿರುಗಿಸಲು ಶುರು ಮಾಡಿದರೆ ಸಭೆ ನಿಶ್ಶಬ್ದ. ಯಾಕೆ? ನಮಗೆ ಗೊತ್ತು, ಕೃಷ್ಣನಿಗೆ ಗೊತ್ತು, ಕರ್ಣನಿಗೆ ಗೊತ್ತಿಲ್ಲ. ಗೊತ್ತಾದ ಮೇಲೆ ಅವನೇನು ಮಾಡುತ್ತಾನೆ, ಆ ದಿನದ ಅರ್ಥಧಾರಿ ಅದನ್ನು ಹೇಗೆ ಸಮರ್ಥಿಸುತ್ತಾರೆ ಅನ್ನುವುದಕ್ಕೇ ಜನ ನಿದ್ದೆಗೆಟ್ಟು ಕೂರುವುದು.

ಜಾನ್‌ಗೂ ಅಷ್ಟೇ. ನನಗೆ ಅವನ ಅಪ್ಪ ಯಾರು ಅನ್ನುವುದು ಬೇಡ. ಬದುಕಿಡೀ ನೆಡ್ ಸ್ಟಾರ್ಕ್‌ನ ಮಗ ಅನ್ನಿಸಿಕೊಳ್ಳಬೇಕು ಅಂತ ಒದ್ದಾಡಿದವನಿಗೆ ನೀನು ಅವನ ಮಗನೇ ಅಲ್ಲ ಅಂದಾಗ ಅವನ ಮುಖ ಹೇಗಾಗುತ್ತದೆ, ಅದು ಬೇಕು. ಸೀರಿಯಲ್‌ನಲ್ಲಿ ಆ ಮಾತು ಬಂತು, ಹೋಯಿತು. ಅಷ್ಟು ದೊಡ್ಡ ಗುಟ್ಟಿಗೆ ಸಿಕ್ಕಿದ್ದು ಅಷ್ಟೇ ಜಾಗ.

ಹಾಸನದಕ್ಕ

ಇದಕ್ಕೆ ನನ್ನದು ನೂರು ಲೈಕ್.

ಡಬ್ಲಿನ್ ಕನ್ನಡಿಗ

ಒಪ್ಪಿದೆ, ಆದರೆ ಹೋಲಿಕೆ ಪೂರ್ತಿ ಕೂರುವುದಿಲ್ಲ. ಕರ್ಣನ ಗುಟ್ಟು ಕೇಳುಗರಿಗೆ ಮೊದಲೇ ಹೇಳಿಟ್ಟಿರುತ್ತಾರೆ. ಇಲ್ಲಿ ಮಾರ್ಟಿನ್ ನಮ್ಮಿಂದಲೂ ಮುಚ್ಚಿಟ್ಟಿದ್ದಾರೆ, ನಾವು ಕದ್ದು ನೋಡಿದ್ದೇವೆ. ಎರಡೂ ಬೇರೆ ಆಟ.

ತಾಳಮದ್ದಳೆ ಪ್ರಿಯ

ಕದ್ದು ನೋಡಲಿ ಅಂತಲೇ ಬಾಗಿಲು ಅರ್ಧ ತೆರೆದಿಟ್ಟಿದ್ದಾರೆ ಸ್ವಾಮಿ. ಇಲ್ಲದಿದ್ದರೆ ಡೆನೇರಿಸ್‌ಗೆ ದರ್ಶನದಲ್ಲಿ ಮಂಜಿನ ಗೋಡೆಯ ಬಿರುಕಿನಲ್ಲಿ ಲಯಾನಾಗೆ ಪ್ರಿಯವಾದ ನೀಲಿ ಹೂವು ಯಾಕೆ ಕಾಣಿಸಬೇಕಿತ್ತು?

ಬೆಂಗಳೂರು ಬಸ್

2011ರಲ್ಲಿ ಐದನೇ ಪುಸ್ತಕ ಬಂದಾಗ ನಾನು ಪಿಯುಸಿ. ಈಗ ಮಗಳಿಗೆ ಸ್ಕೂಲ್ ಅಡ್ಮಿಷನ್ ಮಾಡಿಸುತ್ತಿದ್ದೇನೆ. ಅಸಲಿಯೋ ನಕಲಿಯೋ ಕೊನೆಗೆ ಹೇಳುವವರು ಯಾರು ಗುರು? ಪುಸ್ತಕ ಬರೋದೇ ಇಲ್ಲ.

ಪುಸ್ತಕದ ಹುಳ

ಬಂದೇ ಬಂದರು. ಪ್ರತಿ ಚರ್ಚೆಗೂ ಒಬ್ಬರು ಈ ಮಾತು ಹೇಳಲೇಬೇಕು.

ಬೆಂಗಳೂರು ಬಸ್

ಸುಳ್ಳಾ? 2005ರಲ್ಲಿ ನಾಲ್ಕನೇ ಪುಸ್ತಕದ ಕೊನೆಗೆ ಉಳಿದ ಅರ್ಧ ಮುಂದಿನ ವರ್ಷವೇ ಬರಬಹುದು ಅಂತ ಬರೆದರು. ಬರಲು ಆರು ವರ್ಷ. 2016ರ ಜನವರಿಯಲ್ಲಿ ಗಡುವು ತಪ್ಪಿತು, ಬೇಜಾರಾಗಿದೆ ಅಂತ ಅವರೇ ಬ್ಲಾಗಿನಲ್ಲಿ ಬರೆದರು. ನಡುವೆ ಟಾರ್ಗೇರಿಯನ್ನರ ಚರಿತ್ರೆ ಅಂತ 2018ರಲ್ಲಿ ಇನ್ನೊಂದು ದಪ್ಪ ಪುಸ್ತಕ ಬಂತು. 2022ರಲ್ಲಿ ಆರನೆಯದು ಮುಕ್ಕಾಲು ಪಾಲು ಆಯಿತು ಅಂದರು. ಉಳಿದ ಕಾಲು ಭಾಗ ಎಲ್ಲಿ?

ನೈಟ್ ಶಿಫ್ಟ್

ಬಸ್ಸಣ್ಣಾ, ಬರದಿದ್ದರೆ ಬರದಿರಲಿ. ನಾವಿಲ್ಲಿ ಸುಮ್ನೆ ಖುಷಿಗೆ ಹರಟೆ ಹೊಡೆಯುತ್ತಿದ್ದೇವೆ. ಅದಕ್ಕೂ ಕಲ್ಲು ಹಾಕಬೇಡಿ.

ಪುಸ್ತಕದ ಹುಳ

ಅವರು ನಕ್ಷೆ ಹಿಡಿದು ಬರೆಯುವವರಲ್ಲ, ಬೀಜ ಹಾಕಿ ಏನು ಬೆಳೆಯುತ್ತದೋ ನೋಡುವವರು. ಅವರೇ ಹಾಗೆ ಹೇಳಿಕೊಳ್ಳುತ್ತಾರೆ. 1993ರಲ್ಲಿ ತಮ್ಮ ಏಜೆಂಟ್‌ಗೆ ಬರೆದ ಪತ್ರ 2015ರಲ್ಲಿ ಹೊರಬಿತ್ತಲ್ಲ, ಓದಿದ್ದೀರಾ? ಆಗ ಯೋಜನೆ ಇದ್ದಿದ್ದು ಮೂರೇ ಪುಸ್ತಕ. ಅದರಲ್ಲಿ ಜಾನ್‌ಗೂ ನೆಡ್‌ನ ಮಗಳು ಆರ್ಯಾಗೂ ಪ್ರೇಮ. ಟಿರಿಯನ್‌ಗೂ ಆರ್ಯಾ ಮೇಲೆ ಮನಸ್ಸು. ಟಿರಿಯನ್‌ನ ಅಣ್ಣ ಜೇಮೀ ಅಡ್ಡ ಬಂದವರನ್ನೆಲ್ಲ ಕೊಂದು ತಾನೇ ರಾಜ, ತಪ್ಪು ಟಿರಿಯನ್ ತಲೆಗೆ. ಇವತ್ತಿನ ಕಥೆಗೂ ಅದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಹಾಸನದಕ್ಕ

ಜಾನ್ ಮತ್ತು ಆರ್ಯಾ?! ಥೂ. ಆ ಯೋಜನೆ ಬಿಟ್ಟಿದ್ದೇ ಒಳ್ಳೆಯದಾಯಿತು.

ಅಡಿಕೆ ತೋಟ

ನೋಡಿದ್ರಾ, ಇದು ನನ್ನ ಪರವಾದ ಸಾಕ್ಷಿ. ಅಷ್ಟು ದೊಡ್ಡ ಬದಲಾವಣೆ ಮಾಡಿದವರು ಏಗಾನ್ ವಿಷಯದಲ್ಲೂ ಮನಸ್ಸು ಬದಲಾಯಿಸಿರಬಹುದು.

ಪುಸ್ತಕದ ಹುಳ

ಅದು ಮೊದಲ ಪುಸ್ತಕ ಅಚ್ಚಾಗುವ ಮುಂಚಿನ ಪತ್ರ ಸರ್. ಹೊಲ ಉಳುವ ಮುಂಚೆ ಏನು ಬೇಕಾದರೂ ಅಂದುಕೊಳ್ಳಬಹುದು. ಅಚ್ಚಾದ ಮೇಲೆ ಮಾತು ಬೇರೆ.

ಶಿರಸಿ ಹುಡುಗ

ಎಲ್ಲರೂ ರಾಜವಂಶದ ಬಗ್ಗೆ ಮಾತಾಡುತ್ತಿದ್ದೀರಿ, ನನಗೆ ಅತ್ಯಂತ ಇಷ್ಟವಾದ ಗುಟ್ಟು ಊಟದ್ದು. ಉತ್ತರದ ಪ್ರಭು ವೈಮನ್ ಮ್ಯಾಂಡರ್ಲಿಯ ಪೈಗಳು.

ಅಭಿಮಾನಿಗಳಿಗೆ ಗೊತ್ತು, ಹೊಸಬರಿಗೆ ಹೇಳುತ್ತೇನೆ. ಫ್ರೇ ಮನೆತನದ ಮೂರು ಜನ ಮ್ಯಾಂಡರ್ಲಿಯ ಊರಿಂದ ವಿಂಟರ್‌ಫೆಲ್‌ಗೆ ಹೊರಡುತ್ತಾರೆ. ತಲುಪುವುದೇ ಇಲ್ಲ. ಮ್ಯಾಂಡರ್ಲಿ ಮಾತ್ರ ತಲುಪುತ್ತಾನೆ, ರಾಮ್ಸಿ ಬೋಲ್ಟನ್‌ನ ಮದುವೆ ಊಟಕ್ಕೆ ಮೂರು ದೊಡ್ಡ ಪೈ ಹೊತ್ತು. ಎಲ್ಲರಿಗೂ ತಾನೇ ಬಡಿಸುತ್ತಾನೆ, ತಾನೂ ಮೂರರಿಂದಲೂ ತಿನ್ನುತ್ತಾನೆ. ಆಮೇಲೆ ಹಾಡುಗಾರನಿಗೆ ಇಲಿ ಅಡುಗೆಯವನ ಹಾಡು ಹಾಡು ಅನ್ನುತ್ತಾನೆ. ಆ ಅಡುಗೆಯವನ ಕಥೆಯನ್ನು ನೆಡ್‌ನ ಮಗ ಬ್ರಾನ್ ಮೂರನೇ ಪುಸ್ತಕದಲ್ಲೇ ಹೇಳಿದ್ದಾನೆ. ರಾಜನಿಗೆ ಅವನ ಮಗನನ್ನೇ ಪೈ ಮಾಡಿ ಬಡಿಸಿದವನು.

ನನಗೆ ಮಜಾ ಅನ್ನಿಸುವುದು ಇನ್ನೊಂದು ಸಣ್ಣ ವಿಷಯ. ಆ ಲೋಕದಲ್ಲಿ ಅತಿಥಿಯನ್ನು ಕೊಲ್ಲುವುದು ಮಹಾಪಾಪ. ಫ್ರೇಗಳು ಮಾಡಿದ್ದು ಅದನ್ನೇ. ಮ್ಯಾಂಡರ್ಲಿ ಮಾತ್ರ ಫ್ರೇಗಳು ಹೊರಡುವಾಗ ಒಬ್ಬೊಬ್ಬರಿಗೂ ಒಂದೊಂದು ಕುದುರೆ ಉಡುಗೊರೆ ಕೊಡುತ್ತಾನೆ. ಬೀಳ್ಕೊಡುಗೆ ಉಡುಗೊರೆ ಕೊಟ್ಟ ಮೇಲೆ ಅವರು ಅತಿಥಿಗಳಲ್ಲ. ನಿಯಮ ಮುರಿಯದೆ ಕತ್ತು ಮುರಿದ.

ಫಿಲ್ಟರ್ ಕಾಫಿ

ಸಂಜೆ ಪಫ್ಸ್ ತಿನ್ನೋಣ ಅಂತಿದ್ದೆ. ಬೇಡ ಬಿಡಿ.

ಅರ್ಧ ಓದಿದವ

ಅತಿಥಿಯನ್ನು ಕೊಲ್ಲುವುದು... ಫ್ರೇಗಳು ಮಾಡಿದ್ದು ಅದನ್ನೇ... ಅಂದರೆ... ಮದುವೆಯಲ್ಲಿ...

ನಿರ್ವಾಹಕ

ಓಡು ಅಂದಿದ್ವಿ. ಓಡಲಿಲ್ಲ.

ಶಿರಸಿ ಹುಡುಗ

ಮ್ಯಾಂಡರ್ಲಿ ಸುದ್ದಿ ಬಂದಿದ್ದಕ್ಕೆ ಸಿಂಹಾಸನಕ್ಕೆ ಹೋರಾಡುತ್ತಿರುವ ಸ್ಟ್ಯಾನಿಸ್ ವಿಷಯವೂ ಹೇಳಿಬಿಡುತ್ತೇನೆ. ಅವನ ಸೈನ್ಯ ಹಿಮದಲ್ಲಿ ಸಿಕ್ಕಿಬಿದ್ದಿರುವ ಹಳ್ಳಿ ಎರಡು ಕೆರೆಗಳ ನಡುವೆ ಇದೆ. ಎರಡೂ ಹೆಪ್ಪುಗಟ್ಟಿವೆ. ಊಟಕ್ಕೆ ಗತಿ ಇಲ್ಲ, ಸೈನಿಕರು ಮೀನು ಹಿಡಿಯಲು ಮಂಜಿನಲ್ಲಿ ತೂತು ಮೇಲೆ ತೂತು ಕೊರೆದಿದ್ದಾರೆ. ಆ ಕಡೆಯಿಂದ ಫ್ರೇಗಳ ಭಾರೀ ಕುದುರೆ ಪಡೆ ಬರುತ್ತಿದೆ. ಕಣ್ಣು ಕಾಣದ ಹಿಮಗಾಳಿ. ಈಗ ಕೆರೆಯ ನಡುವಿನ ದ್ವೀಪದಲ್ಲಿ ದೊಡ್ಡ ಬೆಂಕಿ ಹಚ್ಚಿದರೆ ಕುದುರೆಗಳು ಎಲ್ಲಿಗೆ ನುಗ್ಗುತ್ತವೆ? ತೂತು ಬಿದ್ದ ಮಂಜಿನ ಮೇಲೆ. ಮುಗೀತು.

ಇದನ್ನು ಲೇಖಕರು ಎಲ್ಲೂ ಹೇಳಿಲ್ಲ, ಓದುಗರು ಕಟ್ಟಿದ್ದು. ಆದರೆ ಹಸಿವಿನ ಬಗ್ಗೆ ಬರೆಯುವಾಗ ಆ ತೂತುಗಳನ್ನು ಎಷ್ಟು ಸಹಜವಾಗಿ ತಂದಿದ್ದಾರೆ ನೋಡಿ. ಮೊದಲ ಓದಿಗೆ ಅದು ಊಟದ ವಿಷಯ ಅಷ್ಟೇ.

ಗೋಡೆಯಾಚೆಯವ

ಸ್ಟ್ಯಾನಿಸ್ ಗೆದ್ದರೆ ಜಾನ್‌ಗೆ ಬಂದ ಆ ಗುಲಾಬಿ ಮೇಣದ ಪತ್ರ ಬರೆದವರು ಯಾರು? ಅದರಲ್ಲಿ ಸ್ಟ್ಯಾನಿಸ್ ಸತ್ತ ಅಂತಿದೆ.

ನೈಟ್ ಶಿಫ್ಟ್

ರಾಮ್ಸಿಯೇ. ಸಹಿ ಅವನದೇ ಇದೆಯಲ್ಲ.

ಹಾಸನದಕ್ಕ

ಸಹಿ ಯಾರು ಬೇಕಾದರೂ ಹಾಕಬಹುದು ತಮ್ಮ. ರಾಮ್ಸಿ ಹಿಂದೆ ಥಿಯಾನ್ ಗ್ರೇಜಾಯ್‌ನ ಅಕ್ಕ ಆಶಾಗೆ ಬರೆದಾಗ ಪತ್ರದ ಜೊತೆ ಮನುಷ್ಯರ ಚರ್ಮದ ತುಂಡು ಇಟ್ಟಿದ್ದ. ಇದರಲ್ಲಿ ಅದಿಲ್ಲ. ಪತ್ರದಲ್ಲಿ ಗೋಡೆ ಕಾಯುವ ನೈಟ್ಸ್ ವಾಚ್‌ನವರನ್ನು ಕಾಗೆಗಳು ಅಂತ ಕರೆದಿದ್ದಾನೆ. ಹಾಗೆ ಕರೆಯುವ ಅಭ್ಯಾಸ ಜಾಸ್ತಿ ಗೋಡೆಯಾಚೆಯವರಿಗೆ. ಅಂದರೆ ಅವರ ರಾಜ ಮ್ಯಾನ್ಸ್ ರೇಡರ್. ಅವನು ವಿಂಟರ್‌ಫೆಲ್ ಒಳಗೇ ಇದ್ದ.

ಡಬ್ಲಿನ್ ಕನ್ನಡಿಗ

ಮ್ಯಾನ್ಸ್ ಯಾಕೆ ತಾನೇ ಪಂಜರದಲ್ಲಿದ್ದೇನೆ ಅಂತ ಬರೆಯುತ್ತಾನೆ? ಅದರಿಂದ ಸ್ಟ್ಯಾನಿಸ್‌ನ ಮಂತ್ರವಾದಿನಿ ಮೆಲಿಸಾಂಡ್ರೆ ಅವನನ್ನು ಗುಟ್ಟಾಗಿ ಬದುಕಿಸಿಟ್ಟಿದ್ದು ಎಲ್ಲರ ಮುಂದೆ ಬಯಲಾಗುತ್ತದೆ. ನನ್ನ ಮಟ್ಟಿಗೆ ಈ ಥಿಯರಿ ಬುದ್ಧಿವಂತಿಕೆ ಜಾಸ್ತಿಯಾಗಿ ಕೆಟ್ಟಿದೆ. ರಾಮ್ಸಿ ಬರೆದ, ಆದರೆ ಅವನಿಗೆ ಯಾರೋ ಸುಳ್ಳು ಸುದ್ದಿ ತಿನ್ನಿಸಿದ್ದಾರೆ. ಸ್ಟ್ಯಾನಿಸ್ ಸತ್ತ ಅಂತ ನಂಬಿಸಿದ್ದಾರೆ. ಆರನೇ ಪುಸ್ತಕದ ಥಿಯಾನ್‌ನ ಬಿಡಿ ಅಧ್ಯಾಯ ಮೊದಲೇ ಹೊರಬಂದಿದೆಯಲ್ಲ, ಅದರಲ್ಲಿ ಸ್ಟ್ಯಾನಿಸ್ ತನ್ನ ನೈಟ್‌ಗೆ ಹೇಳುತ್ತಾನೆ, ನಾನು ಸತ್ತೆ ಅಂತ ಸುದ್ದಿ ಬರಬಹುದು, ಆದರೂ ನೀನು ಸೈನ್ಯ ಕರೆದುಕೊಂಡು ಬಾ ಅಂತ.

ಹಾಸನದಕ್ಕ

ಹಾಂ, ಇದು ಮ್ಯಾನ್ಸ್‌ಗಿಂತ ಚೆನ್ನಾಗಿ ಕೂರುತ್ತದೆ. ಆದರೂ ಕಾಗೆ ಮಾತು ನನ್ನ ತಲೆಯಿಂದ ಹೋಗುವುದಿಲ್ಲ.

ಕಾರವಾರ ಕಡಲು

ಸ್ಟ್ಯಾನಿಸ್‌ನ ಮಗಳು ಶಿರೀನ್ ಬಗ್ಗೆ ಯಾರಿಗಾದರೂ ಹೇಳಲು ಧೈರ್ಯ ಇದೆಯಾ? ಸೀರಿಯಲ್‌ನಲ್ಲಿ ಅಪ್ಪನೇ ಆ ಮಗುವನ್ನು ಬೆಂಕಿಗೆ ಕೊಟ್ಟ ದೃಶ್ಯ ನೋಡಿ ನಾನು ಟಿವಿ ಆಫ್ ಮಾಡಿ ಎದ್ದುಹೋಗಿದ್ದೆ. ಅದು ಮಾರ್ಟಿನ್ ಅವರೇ ಹೇಳಿದ ಘಟನೆ ಅಂತ ಸೀರಿಯಲ್‌ನವರು ಹೇಳಿದರು. ಹೋಡರ್ ಹೆಸರಿನ ಗುಟ್ಟೂ ಹಾಗೇ. ಬ್ರಾನ್ ರಾಜನಾಗುವುದೂ ಹಾಗೇ.

ಆದರೆ ಪುಸ್ತಕದಲ್ಲಿ ಸ್ಟ್ಯಾನಿಸ್ ಹಿಮದ ಹಳ್ಳಿಯಲ್ಲಿದ್ದಾನೆ, ಶಿರೀನ್ ಗೋಡೆಯ ಹತ್ತಿರ ಕ್ಯಾಸಲ್ ಬ್ಲ್ಯಾಕ್‌ನಲ್ಲಿ. ನಡುವೆ ದಾಟಲಾಗದ ಹಿಮ. ಅಪ್ಪನೇ ಕೈಯಾರೆ ಹೇಗೆ ಕೊಡುತ್ತಾನೆ?

ಗೋಡೆಯಾಚೆಯವ

ಎರಡು ದಾರಿ. ಒಂದು, ಸ್ಟ್ಯಾನಿಸ್ ಸತ್ತ ಅನ್ನುವ ಪತ್ರ ನಂಬಿ ಅಮ್ಮ ಸೆಲಿಸ್ ಮತ್ತು ಮೆಲಿಸಾಂಡ್ರೆ ಸೇರಿ ಮಾಡುತ್ತಾರೆ. ಅದರ ಬೆನ್ನಿಗೇ ಇರಿತ ತಿಂದು ಬಿದ್ದಿರುವ ಜಾನ್ ಎದ್ದು ಕೂರುತ್ತಾನೆ. ಅಂದರೆ ಜಾನ್‌ನ ಜೀವಕ್ಕೆ ಆ ಮಗುವಿನ ಬೆಲೆ. ಇನ್ನೊಂದು, ಸ್ಟ್ಯಾನಿಸ್ ಯುದ್ಧ ಗೆದ್ದು ವಾಪಸ್ ಬಂದಮೇಲೆ, ಇನ್ನೂ ದೊಡ್ಡ ಕತ್ತಲು ಎದುರಾದಾಗ. ನನಗೆ ಎರಡನೆಯದೇ ಭಯ ಹುಟ್ಟಿಸುತ್ತದೆ. ಸೋತವನು ಹತಾಶೆಯಿಂದ ಮಾಡುವುದು ಬೇರೆ. ಗೆದ್ದವನು ಕರ್ತವ್ಯ ಅಂತ ಮಾಡುವುದು ಬೇರೆ.

ಕಾರವಾರ ಕಡಲು

ಮೊದಲನೆಯದೇ ಆಗಲಿ ಅಂತ ಬೇಡಿಕೊಳ್ಳುವ ಹಾಗಾಯಿತಲ್ಲ. ಎಂಥ ಪುಸ್ತಕ ಓದುತ್ತಿದ್ದೇವೆ ನಾವು.

ನೈಟ್ ಶಿಫ್ಟ್

ನನ್ನ ಥಿಯರಿ: ಟಿರಿಯನ್ ಕೂಡ ಟಾರ್ಗೇರಿಯನ್. ರೇಗಾರ್‌ನ ಅಪ್ಪ ಹುಚ್ಚು ರಾಜನ ಮಗ. ಅಪ್ಪ ಟೈವಿನ್ ಸಾಯುವಾಗ ನೀನು ನನ್ನ ಮಗನಲ್ಲ ಅಂದ. ಡ್ರ್ಯಾಗನ್‌ಗೆ ಮೂರು ತಲೆ. ಜಾನ್, ಡೆನೇರಿಸ್, ಟಿರಿಯನ್.

ಹಾಸನದಕ್ಕ

ಬೇಡ ಬೇಡ ಬೇಡ. ಟೈವಿನ್‌ನ ಮೂವರು ಮಕ್ಕಳಲ್ಲಿ ಅಪ್ಪನ ಹಾಗೇ ಇರುವವನು ಟಿರಿಯನ್ ಒಬ್ಬನೇ. ಅದು ಟೈವಿನ್‌ಗೆ ಗೊತ್ತಿಲ್ಲ, ಒಪ್ಪುವುದೂ ಇಲ್ಲ. ಅವನ ತಂಗಿ ಜೆನ್ನಾ ಇದನ್ನು ಜೇಮೀ ಮುಂದೆ ಹೇಳಿಯೂ ಬಿಡುತ್ತಾಳೆ. ಅಣ್ಣನಿಗೂ ಒಂದು ಸಲ ಹೇಳಿದ್ದಳಂತೆ, ಅದಕ್ಕೆ ಅವನು ಅರ್ಧ ವರ್ಷ ಮಾತು ಬಿಟ್ಟಿದ್ದನಂತೆ. ಇವನನ್ನು ಬೇರೆಯವರ ಮಗ ಮಾಡಿದರೆ ಆ ಅಪ್ಪ ಮಗನ ಕಥೆ ಪೂರ್ತಿ ಚರಂಡಿಗೆ. ಟ್ವಿಸ್ಟ್ ಬಂದರೆ ಹಿಂದಿನ ಪುಟಗಳು ಇನ್ನೂ ಚೆನ್ನಾಗಿ ಕಾಣಬೇಕು. ಇದು ಹಿಂದಿನದನ್ನು ಕೆಡಿಸುತ್ತದೆ.

ನೈಟ್ ಶಿಫ್ಟ್

ಅಕ್ಕ ಇವತ್ತು ಫುಲ್ ಫಾರ್ಮ್‌ನಲ್ಲಿದ್ದಾರೆ. ಶರಣಾದೆ.

ಪುಸ್ತಕದ ಹುಳ

ಹಿಂದಿನ ಪುಟ ಚೆನ್ನಾಗಿ ಕಾಣುವುದಕ್ಕೆ ನನ್ನ ಉದಾಹರಣೆ ಬ್ರಿಯೆನ್‌ಳ ಗುರಾಣಿ. ನಾಲ್ಕನೇ ಪುಸ್ತಕದಲ್ಲಿ ಗುರಾಣಿಗೆ ಹೊಸ ಚಿತ್ರ ಬರೆಸುತ್ತಾಳೆ. ಒಂದು ಮರ, ಮೇಲೆ ಬೀಳುತ್ತಿರುವ ನಕ್ಷತ್ರ, ಸಂಜೆಯ ಬಣ್ಣ. ಅಪ್ಪನ ಆಯುಧ ಕೋಣೆಯಲ್ಲಿ ಚಿಕ್ಕಂದಿನಲ್ಲಿ ನೋಡಿದ್ದು ಅನ್ನುತ್ತಾಳೆ. ಅಷ್ಟೇ, ಕಥೆ ಮುಂದೆ ಹೋಗುತ್ತದೆ. ಮಾರ್ಟಿನ್ ಅವರದೇ ಡಂಕ್ ಮತ್ತು ಎಗ್ ನೀಳ್ಗತೆಗಳನ್ನು ಓದಿದವರಿಗೆ ಮಾತ್ರ ಗೊತ್ತು, ಅದು ಸರ್ ಡಂಕನ್‌ನ ಗುರಾಣಿ. 1998ರ ಮೊದಲ ನೀಳ್ಗತೆಯಲ್ಲೇ ಇದೆ. ಬ್ರಿಯೆನ್ ಅವನ ವಂಶದವಳು ಅಂತ ಮಾರ್ಟಿನ್ ಆಮೇಲೆ ಒಪ್ಪಿಕೊಂಡರು.

ಬೆಂಗಳೂರು ಬಸ್

ಇದು ನನಗೂ ಗೊತ್ತಿರಲಿಲ್ಲ. ಆ ನೀಳ್ಗತೆಗಳ ಪುಸ್ತಕ ಚರ್ಚ್ ಸ್ಟ್ರೀಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತಾ?

ಪುಸ್ತಕದ ಹುಳ

ಪುಸ್ತಕ ಬರೋದೇ ಇಲ್ಲ ಅಂದವರು ಈಗ ಇನ್ನೊಂದು ಕೊಳ್ಳಲು ಹೊರಟಿದ್ದಾರೆ. ಸಿಗುತ್ತೆ ಅಣ್ಣಾ, ಬ್ಲಾಸಮ್‌ನಲ್ಲಿ ಹುಡುಕಿ.

ತಾಳಮದ್ದಳೆ ಪ್ರಿಯ

ಏಗಾನ್ ವಿಷಯಕ್ಕೆ ವಾಪಸ್ ಬರೋಣ. ಅವನು ಅಸಲಿಯೋ ನಕಲಿಯೋ ಅನ್ನುವುದಕ್ಕಿಂತ ಅವನ ಪಕ್ಕದಲ್ಲಿ ನಿಂತಿರುವ ರೇಗಾರ್‌ನ ಗೆಳೆಯ ಜಾನ್ ಕಾನಿಂಗ್ಟನ್ ನನಗೆ ದೊಡ್ಡ ಪಾತ್ರ. ಹುಡುಗನನ್ನು ಮಗನ ಹಾಗೆ ಸಾಕಿದವನು. ಅವನಿಗೆ ಇವನು ರೇಗಾರ್‌ನ ಮಗ ಅನ್ನುವುದರಲ್ಲಿ ಸಂಶಯವೇ ಇಲ್ಲ. ಮೋಸ ಆಗಿದ್ದರೆ ಎಲ್ಲರಿಗಿಂತ ಜಾಸ್ತಿ ಮೋಸ ಹೋಗಿರುವುದು ಇವನೇ.

ಟಿರಿಯನ್‌ನನ್ನು ನದಿಯಿಂದ ಎತ್ತುವಾಗ ಅವನಿಗೆ ಗ್ರೇಸ್ಕೇಲ್ ರೋಗ ಅಂಟಿತು. ಬೆರಳು ಕಲ್ಲಾಗುತ್ತಾ ಬರುತ್ತಿದೆ. ಅದಕ್ಕೆ ವಿನೆಗರ್‌ನಲ್ಲಿ ಕೈ ನೆನೆಸಬೇಕು ಅಂತಾರೆ. ಆದರೆ ವಿನೆಗರ್ ತರಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೆ ಕೆಟ್ಟ ವೈನ್ ತರಿಸಿಕೊಂಡು ಗುಟ್ಟಾಗಿ ಅದರಲ್ಲಿ ಕೈ ಅದ್ದಿ ಕೂರುತ್ತಾನೆ. ನೋಡಿದವರು ಕುಡುಕ ಅಂದುಕೊಂಡರೂ ಪರವಾಗಿಲ್ಲ.

ಗೋಡೆಯಾಚೆಯವ

ಅವನ ಇನ್ನೊಂದು ಗಾಯ ಗಂಟೆಗಳದ್ದು. ಹಿಂದೆ ಸ್ಟೋನಿ ಸೆಪ್ಟ್ ಊರಲ್ಲಿ ಟಾರ್ಗೇರಿಯನ್ನರ ವಿರುದ್ಧ ದಂಗೆ ಎದ್ದ ರಾಬರ್ಟ್ ಅಡಗಿದ್ದ. ಇವನು ಮನೆ ಮನೆ ಹುಡುಕಿಸಿದ, ಸಿಗಲಿಲ್ಲ. ಅಷ್ಟರಲ್ಲಿ ಗಂಟೆ ಬಾರಿಸಿತು, ನೆಡ್ ಸೈನ್ಯ ಬಂತು, ಇವನು ಸೋತ. ಟೈವಿನ್ ಆಗಿದ್ದರೆ ಊರಿಗೇ ಬೆಂಕಿ ಹಚ್ಚುತ್ತಿದ್ದ, ಯುದ್ಧ ಅಲ್ಲೇ ಮುಗಿಯುತ್ತಿತ್ತು ಅಂತ ಅವನಿಗೆ ಯಾರೋ ಹೇಳಿದ್ದಾರೆ. ಅದನ್ನೇ ವರ್ಷಗಟ್ಟಲೆ ಮೆಲುಕು ಹಾಕುತ್ತಿದ್ದಾನೆ. ಇನ್ನೊಂದು ಸಲ ಸೋಲಲ್ಲ ಅನ್ನುತ್ತಾನೆ.

ಸೀರಿಯಲ್‌ನಲ್ಲಿ 2019ರಲ್ಲಿ ಗಂಟೆ ಬಾರಿಸಿದಾಗ ಊರು ಸುಟ್ಟಿದ್ದು ಡೆನೇರಿಸ್. ಜನ ಯಾಕೆ ಅಂತ ಅರ್ಥವಾಗದೆ ಸಿಟ್ಟಾದರು. ಪುಸ್ತಕದಲ್ಲಿ ಗಂಟೆ ಕೇಳಿ ತಲೆ ಕೆಡಬೇಕಾದವನು ಇವನು. ಸೀರಿಯಲ್‌ನವರು ಪಾತ್ರ ತೆಗೆದು ಗಂಟೆ ಮಾತ್ರ ಉಳಿಸಿಕೊಂಡರು ಅನ್ನುವುದು ನನ್ನ ಊಹೆ.

ಡಬ್ಲಿನ್ ಕನ್ನಡಿಗ

ಈ ಚರ್ಚೆಯಲ್ಲಿ ಬಂದ ಅತ್ಯುತ್ತಮ ಮಾತು ಇದು. ನಾನಾದರೆ ಎರಡನ್ನೂ ಸೇರಿಸುತ್ತೇನೆ. ಜನ ಏಗಾನ್‌ನನ್ನು ಮೆಚ್ಚಿ ಹೂವು ಎರಚುತ್ತಾರೆ. ಡೆನೇರಿಸ್ ಅಷ್ಟು ಕಷ್ಟಪಟ್ಟು ಸಮುದ್ರ ದಾಟಿ ಬಂದರೆ ಅವಳ ಜಾಗದಲ್ಲಿ ಇನ್ನೊಬ್ಬ ಕೂತಿದ್ದಾನೆ, ಜನ ಇವಳನ್ನು ನೋಡಿ ಹೆದರುತ್ತಾರೆ. ನಕಲಿಯನ್ನು ಪ್ರೀತಿಸುತ್ತಾರೆ, ಅಸಲಿಯನ್ನು ದ್ವೇಷಿಸುತ್ತಾರೆ. ಅವಳಿಗೆ ಸಿಟ್ಟು ಬಂದರೆ ಆಗ ನಂಬಬಹುದು.

ಅಡಿಕೆ ತೋಟ

ಅಸಲಿಯೇ ಆಗಿದ್ದರೆ ಇನ್ನೂ ಘೋರ. ಅಣ್ಣನ ಮಗನನ್ನೇ ನಕಲಿ ಅಂದುಕೊಂಡು ಸುಟ್ಟುಬಿಡುತ್ತಾಳೆ. ಸುಟ್ಟಮೇಲೆ ಗೊತ್ತಾಗುತ್ತದೆ. ನಾನಿನ್ನೂ ಪಾರ್ಟಿ ಬದಲಾಯಿಸಿಲ್ಲ.

ಹಾಸನದಕ್ಕ

ಅಯ್ಯೋ, ಇದು ಮಾತ್ರ ಚೆನ್ನಾಗಿದೆ. ಬೋರ್ಡಿನ ತುಕ್ಕು ಅಡ್ಡ ಬರುತ್ತದೆ, ಇಲ್ಲದಿದ್ದರೆ ನಿಮ್ಮ ಕಡೆಗೆ ಬಂದುಬಿಡುತ್ತಿದ್ದೆ.

ಶಿರಸಿ ಹುಡುಗ

ಒಂದು ಅನುಮಾನ. ಕಾನಿಂಗ್ಟನ್ ರೋಗ ಮುಚ್ಚಿಟ್ಟು ಅಷ್ಟು ದೊಡ್ಡ ಸೈನ್ಯದ ನಡುವೆ ಓಡಾಡುತ್ತಿದ್ದಾನೆ. ಏಗಾನ್ ಜೊತೆಗೂ. ಹುಡುಗನಿಗೇ ಅಂಟಿಬಿಟ್ಟರೆ?

ಫಿಲ್ಟರ್ ಕಾಫಿ

ಬೇಡ ಗುರು. ಊರೆಲ್ಲ ಹರಡಿ ಏಳನೇ ಪುಸ್ತಕಕ್ಕೆ ಪಾತ್ರಗಳೇ ಉಳಿಯಲ್ಲ.

ಅರ್ಧ ಓದಿದವ

ಮದುವೆ ಮುಗಿಸಿಕೊಂಡು ಬಂದೆ. ಯಾರೂ ನನ್ನ ಜೊತೆ ಮಾತಾಡಬೇಡಿ.